ರಜಾ ಅರ್ಜಿಯ ನಾಲ್ಕನೆಯ ಕಲಂ

ಸಂಪಾದಕರಿಗೆ,

ಮಾನ್ಯರೇ,

ಕೆಲಸದ ಒತ್ತಡದ ಕಾರಣಕ್ಕೆ ರಜೆ ಹಾಕುವವರ ಕುರಿತು ನಿಮ್ಮ ಓದುಗರ ಅಂಕಣದಲ್ಲಿ ಕೆಲವು ದಿನಗಳಿಂದ ನಡೆಯುತ್ತಿರುವ ಚರ್ಚೆಯನ್ನು ಗಮನಿಸುತ್ತಿದ್ದೇನೆ. ಈಗಿನ ನೌಕರರಿಗೆ ತಾಳಿಕೆ ಸಾಲದು ಎಂದು ಕೆಲವರೂ, ಮೇಲಧಿಕಾರಿಗಳಿಗೆ ಕರುಣೆ ಸಾಲದು ಎಂದು ಇನ್ನು ಕೆಲವರೂ ಬರೆದಿದ್ದಾರೆ. ಕಚೇರಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಹಾಜರಿ ಪುಸ್ತಕವನ್ನೂ ರಜಾ ಅರ್ಜಿಗಳನ್ನೂ ನೋಡಿಕೊಂಡು ನಿವೃತ್ತನಾದ ನನಗೆ, ಈ ಎರಡು ಮಾತುಗಳಿಗೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೊಂದು ಉಳಿದುಹೋಗಿದೆ ಎನಿಸುತ್ತದೆ. ಯಾರು ಯಾವ ಕಾರಣಕ್ಕೆ ಗೈರುಹಾಜರಾಗುತ್ತಿದ್ದಾರೆ ಎಂಬುದು ಕಚೇರಿಗಳಿಗೆ ನಿಜವಾಗಿ ಗೊತ್ತಿದೆಯೇ? ನಮ್ಮ ಕಚೇರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬ.

ನಮ್ಮ ರಜಾ ಅರ್ಜಿಯ ನಮೂನೆಯಲ್ಲಿ ನಾಲ್ಕನೆಯ ಕಲಂ ‘ರಜೆಗೆ ಕಾರಣ’ ಎಂಬುದು. ಎರಡು ಪದ ಹಿಡಿಸುವಷ್ಟು ಜಾಗ. ಆ ಜಾಗದಲ್ಲಿ ಜ್ವರ ಎಂದು ಸಾವಿರಾರು ಬಾರಿ ಓದಿದ್ದೇನೆ. ತಲೆನೋವು, ಹೊಟ್ಟೆನೋವು, ಬೆನ್ನುನೋವು ಎಂದು ಓದಿದ್ದೇನೆ. ಏನೂ ತೋಚದವರು ‘ಸ್ವಂತ ಕೆಲಸ’ ಎಂದು ಬರೆದದ್ದನ್ನೂ ಓದಿದ್ದೇನೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ, ಬೆಳಿಗ್ಗೆ ಕಚೇರಿಯ ನೆನಪಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಬರೆದ ಅರ್ಜಿ ಒಂದೂ ನನ್ನ ಮೇಜಿಗೆ ಬಂದದ್ದಿಲ್ಲ. ಹಾಗೆಂದು ಹೊಟ್ಟೆನೋವು ಎಂದವರೆಲ್ಲ ಸುಳ್ಳು ಬರೆದರು ಎನ್ನಲಾಗದು. ಬಹುಕಾಲ ಇಳಿಯದೆ ಉಳಿದ ಒತ್ತಡ ತಲೆ, ಹೊಟ್ಟೆ, ಕುತ್ತಿಗೆ, ನಿದ್ದೆ ಇವುಗಳಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು. ಅವರು ಬರೆದದ್ದು ನಿಜದ ಅರ್ಧ ಭಾಗ. ಉಳಿದರ್ಧವನ್ನೂ ಬರೆದರೆ ಬಡ್ತಿಯ ಪಟ್ಟಿ ಸಿದ್ಧವಾಗುವಾಗ ತಮ್ಮ ಹೆಸರಿನ ಮುಂದೆ ಏನು ಮಾತಾಗುತ್ತದೆ ಎಂಬ ಅಂದಾಜು ಅವರಿಗಿತ್ತು. ಅಂಥ ಪಟ್ಟಿಗಳನ್ನು ಸಿದ್ಧಪಡಿಸುವಾಗ ಕೋಣೆಯಲ್ಲಿ ಕುಳಿತಿರುತ್ತಿದ್ದ ನಾನು ಹೇಳಬಲ್ಲೆ, ಅವರ ಅಂದಾಜು ತಪ್ಪಾಗಿರಲಿಲ್ಲ.

ಕಾರಣದ ಕಲಂ ಏನೇ ಹೇಳಲಿ, ತಾರೀಖಿನ ಕಲಂ ಬೇರೆಯದನ್ನು ಹೇಳುತ್ತಿತ್ತು. ನಮ್ಮಲ್ಲಿ ತಿಂಗಳ ಲೆಕ್ಕವನ್ನು ಕೊನೆಯ ದಿನ ಮುಗಿಸಬೇಕು, ಮರುದಿನವೇ ಪರಿಶೀಲನಾ ಸಭೆ. ಲೆಕ್ಕ ಮುಗಿಯುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಸಭೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಿಗುತ್ತಿದ್ದುದು ಮನೆಯಲ್ಲಿ ಕಳೆಯುವ ಆ ಕೆಲವು ಗಂಟೆಗಳು ಮಾತ್ರ. ಸಭೆಯ ದಿನ ಅಥವಾ ಅದರ ಮರುದಿನ ಒಂದೊಂದು ದಿನದ ಜ್ವರಗಳು ಒಂದೇ ವಿಭಾಗದಿಂದ ತಪ್ಪದೆ ಬರುತ್ತಿದ್ದವು. ಜ್ವರಕ್ಕೆ ಕ್ಯಾಲೆಂಡರ್ ನೋಡಿ ಬರುವ ಅಭ್ಯಾಸವಿಲ್ಲ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿತ್ತು, ಆದರೆ ನಾನು ಅದನ್ನು ಸಭೆ ತಪ್ಪಿಸಿಕೊಳ್ಳುವ ಸೋಮಾರಿತನವೆಂದು ಓದಿಕೊಂಡೆ.

ಆ ವಿಭಾಗದಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದ ಒಬ್ಬರಿದ್ದರು. ಅವರ ಕೂಡಿಕೆಯನ್ನು ಯಾರೂ ಮತ್ತೊಮ್ಮೆ ಕೂಡಿ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಒಂದು ಸಂಜೆ ದೀಪ ಆರಿಸಲು ಹೋದಾಗ ಅವರು ಒಬ್ಬರೇ ಕುಳಿತು ಒಂದೇ ಪುಟದ ಮೊತ್ತವನ್ನು ಅಳಿಸಿ ಬರೆಯುತ್ತಿದ್ದರು. ಅಳಿಸಿದ ಮೊತ್ತವೂ ಬರೆದ ಮೊತ್ತವೂ ಒಂದೇ. ರಬ್ಬರಿನ ಪುಡಿ ಪುಟದ ಮೇಲೆ ರಾಶಿ ಬಿದ್ದಿತ್ತು, ಕಾಗದ ಸವೆದು ಹಿಂದಿನ ಗೆರೆ ಕಾಣುತ್ತಿತ್ತು. “ಸರಿಯಿದೆ ಅಂತ ಗೊತ್ತು ಸರ್, ಆದರೆ ನಂಬಿಕೆ ಬರ್ತಾ ಇಲ್ಲ” ಎಂದರು. ಮನೆಗೆ ಹೋಗಿ ಮಲಗಿ ಎಂದು ಹೇಳಿ ನಾನು ದೀಪ ಆರಿಸಿದೆ. ಮುಂದಿನ ತಿಂಗಳು ಅವರು ಮೂರು ಬಾರಿ ಒಂದೊಂದು ದಿನ ಬರಲಿಲ್ಲ. ನಾನು ನಿಯಮದಂತೆ ಮೆಮೊ ಕೊಟ್ಟೆ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವುದಾಗಿ ದುಂಡಾದ ಅಕ್ಷರಗಳಲ್ಲಿ ಉತ್ತರ ಬಂತು. ಹೇಳಿದಂತೆಯೇ ನಡೆದುಕೊಂಡರು, ಅನಂತರದ ನಾಲ್ಕು ತಿಂಗಳು ಒಂದು ದಿನವೂ ರಜೆ ಹಾಕಲಿಲ್ಲ. ಮೆಮೊ ಕೆಲಸ ಮಾಡಿತೆಂದು ನಾನು ಸಮಾಧಾನಪಟ್ಟುಕೊಂಡೆ. ಐದನೆಯ ತಿಂಗಳು ಮನೋವೈದ್ಯರ ಪ್ರಮಾಣಪತ್ರದೊಂದಿಗೆ ಎರಡು ತಿಂಗಳ ರಜೆಯ ಅರ್ಜಿ ಬಂತು, ಅದನ್ನು ತಂದವರು ಅವರ ಮನೆಯವರು. ಅವರು ತಪ್ಪದೆ ಹಾಜರಿದ್ದ ಆ ನಾಲ್ಕು ತಿಂಗಳ ಲೆಕ್ಕವನ್ನು ಇಬ್ಬರು ಕುಳಿತು ಮೊದಲಿಂದ ತಿದ್ದಬೇಕಾಯಿತು.

ಕಾಯಿಲೆಯಲ್ಲೇ ಬಂದು ಕುರ್ಚಿ ತುಂಬುವ ಈ ಹಾಜರಿಗೆ ಯಾವ ಪುಸ್ತಕದಲ್ಲೂ ಕಲಂ ಇಲ್ಲ. ಖಿನ್ನತೆ ಮತ್ತು ಆತಂಕ ಇವೆರಡರಿಂದಲೇ ಜಗತ್ತು ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳನ್ನು ಕಳೆದುಕೊಳ್ಳುತ್ತಿದೆ, ಉತ್ಪಾದಕತೆಯ ನಷ್ಟ ಸುಮಾರು ಒಂದು ಲಕ್ಷ ಕೋಟಿ ಡಾಲರ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಂಥ ದೊಡ್ಡ ಅಂಕಿ ಕೇಳಿದಾಗ ಕಣ್ಣೆದುರು ಬರುವುದು ಖಾಲಿ ಕುರ್ಚಿಗಳು. ತುಂಬಿದ ಕುರ್ಚಿಗಳಲ್ಲಿ ಒಂದೇ ಪುಟವನ್ನು ಅಳಿಸಿ ಬರೆಯುತ್ತಿರುವವರು ಯಾರ ಕಣ್ಣಿಗೂ ಬರುವುದಿಲ್ಲ.

ಗೈರುಹಾಜರಿಯನ್ನು ಅಳೆಯುವ ನಮ್ಮ ಕೋಲುಗಳೇ ಈ ಕುರುಡನ್ನು ಹೆಚ್ಚಿಸುತ್ತವೆ. ಹಲವು ದೇಶಗಳ ಸಂಸ್ಥೆಗಳು ಬಳಸುವ ಬ್ರಾಡ್‌ಫರ್ಡ್ ಅಂಕ ಎಂಬ ಲೆಕ್ಕವೊಂದಿದೆ. ವರ್ಷದಲ್ಲಿ ಎಷ್ಟು ಬಾರಿ ರಜೆ ಹಾಕಿದರು ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ರಜಾ ದಿನಗಳಿಂದ ಮತ್ತೆ ಗುಣಿಸುವುದು. ಒಬ್ಬರು ಒಂದೇ ಸಲ ಹತ್ತು ದಿನ ಮಲಗಿದರೆ ಅವರ ಅಂಕ 10. ಇನ್ನೊಬ್ಬರು ಹತ್ತು ಬಾರಿ ಒಂದೊಂದು ದಿನ ತಪ್ಪಿಸಿದರೆ ಅವರ ಅಂಕ 1,000. ಬಿಡಿ ರಜೆಗಳಿಂದ ಕೆಲಸದ ಓಟ ಕೆಡುತ್ತದೆ ಎಂಬ ತರ್ಕ ಇದರ ಹಿಂದಿದೆ, ಅದು ಸುಳ್ಳೂ ಅಲ್ಲ. ಆದರೆ ಮನಸ್ಸು ಕುಸಿಯುತ್ತಿರುವ ಮನುಷ್ಯ ಸಾಮಾನ್ಯವಾಗಿ ಒಂದೇ ಸಲ ಹತ್ತು ದಿನ ಮಲಗುವುದಿಲ್ಲ. ಒಂದು ದಿನ ಏಳಲಾಗದೆ ಉಳಿಯುತ್ತಾನೆ, ಮರುದಿನ ನಾಚಿಕೊಂಡು ಬರುತ್ತಾನೆ, ಎರಡು ವಾರ ಹಲ್ಲು ಕಚ್ಚಿ ದುಡಿಯುತ್ತಾನೆ, ಮತ್ತೆ ಒಂದು ದಿನ ಏಳಲಾಗುವುದಿಲ್ಲ. ಕಷ್ಟಪಟ್ಟು ಬರುತ್ತಿರುವವನ ಹೆಸರಿನ ಮುಂದೆಯೇ ಸಾವಿರ ಬೀಳುವ ಈ ಲೆಕ್ಕವನ್ನು ವಿಚಾರಣೆಗೆ ಆಧಾರವಾಗಿಟ್ಟುಕೊಂಡರೆ, ಮೊದಲು ಸಹಾಯ ಸಿಗಬೇಕಾದವರಿಗೆ ಮೊದಲು ಮೆಮೊ ಸಿಗುತ್ತದೆ.

ಈಗ ಕಚೇರಿಗಳು ಮಾನಸಿಕ ಆರೋಗ್ಯದ ಬಗ್ಗೆ ಹಿಂದಿಗಿಂತ ಹೆಚ್ಚು ಮಾತನಾಡುತ್ತಿವೆ ಎಂಬುದನ್ನು ಒಪ್ಪುತ್ತೇನೆ. ಧ್ಯಾನದ ತರಗತಿ, ಒತ್ತಡ ನಿರ್ವಹಣೆಯ ಉಪನ್ಯಾಸ, ಮೊಬೈಲಿನಲ್ಲಿ ಉಸಿರಾಟ ಕಲಿಸುವ ಆ್ಯಪ್ ಎಲ್ಲವೂ ಬಂದಿವೆ. ನಾವೂ ಒಮ್ಮೆ ಅಂಥ ಉಪನ್ಯಾಸ ಏರ್ಪಡಿಸಿದ್ದೆವು. ಊಟದ ವಿರಾಮದಲ್ಲಿ ಇಟ್ಟಿದ್ದರಿಂದ ಬಂದವರು ಊಟ ಬಿಟ್ಟು ಒತ್ತಡ ನಿರ್ವಹಣೆ ಕಲಿತು, ಅದರಿಂದ ಹಿಂದೆ ಬಿದ್ದ ಕೆಲಸವನ್ನು ಸಂಜೆ ಒಂದು ಗಂಟೆ ಹೆಚ್ಚು ಕುಳಿತು ಮುಗಿಸಿದರು. ಧ್ಯಾನದ ಮೇಲೆ ನನಗೆ ಅಸಡ್ಡೆಯಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಲ್ಲಿಗೆ ಒಪ್ಪುವಷ್ಟು ಬೇರೆಲ್ಲೂ ಒಪ್ಪಲಾರದು. ಜ್ವರ ಬಂದಿರುವುದು ಕೆಲಸದ ವ್ಯವಸ್ಥೆಗೆ, ಮದ್ದು ಕೊಡುತ್ತಿರುವುದು ನೌಕರರಿಗೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಆಧರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ನೆಮ್ಮದಿಯಾಗಿರುವುದು ಕಂಡುಬರಲಿಲ್ಲ. ಸೇವಾಕಾರ್ಯಗಳಲ್ಲಿ ತೊಡಗುವ ಅವಕಾಶವೊಂದೇ ಇದಕ್ಕೆ ಅಪವಾದವಾಗಿತ್ತು.

ಕೆಲಸ ಮನುಷ್ಯನನ್ನು ಬಳಲಿಸುವ ಬಗೆ ಹೊಸದಾಗಿ ಕಂಡುಹಿಡಿಯಬೇಕಾದ ಸಂಗತಿಯಲ್ಲ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ತನ್ನಲ್ಲೂ ತನ್ನ ಜೊತೆಗಾರರಲ್ಲೂ ಕಂಡ ಬಳಲಿಕೆಗೆ ಬರ್ನ್‌ಔಟ್ ಎಂಬ ಹೆಸರಿಟ್ಟು ಬರೆದದ್ದು 1974ರಲ್ಲಿ. ಉತ್ಸಾಹದಿಂದ ಹೆಚ್ಚು ಹಚ್ಚಿಕೊಂಡು ದುಡಿದವರೇ ಮೊದಲು ಬರಿದಾಗುತ್ತಿದ್ದರು ಎಂಬುದು ಅವರ ಗಮನಕ್ಕೆ ಬಂದಿತ್ತು. ತಾಳಿಕೆಯಿಲ್ಲದವರು ಎಂದು ಬರೆದ ಓದುಗರು ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು, ಆದರೆ ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು. ಬಳಲಿಕೆ, ಕೆಲಸದ ಬಗ್ಗೆ ದೂರವಾಗುವ ಅಥವಾ ಕಹಿಯಾಗುವ ಮನಸ್ಸು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ, ಈ ಮೂರನ್ನು ಅದರ ಲಕ್ಷಣಗಳಾಗಿ ಹೇಳಿತು. ಖಿನ್ನತೆ, ಆತಂಕದ ಕಾಯಿಲೆಗಳು ಇದಕ್ಕಿಂತ ಬೇರೆ. ಅವಕ್ಕೆ ವೈದ್ಯರೇ ಬೇಕು. ಎರಡನ್ನೂ ಒಂದೇ ಒತ್ತಡವೆಂಬ ಚೀಲಕ್ಕೆ ತುಂಬುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ: ಚಿಕಿತ್ಸೆ ಬೇಕಾದವರಿಗೆ ಉಪನ್ಯಾಸ ಸಿಗುತ್ತದೆ, ಕೆಲಸದ ಹಂಚಿಕೆ ಬದಲಾಗಬೇಕಾದವರಿಗೆ ಮಾತ್ರೆ ಸಿಗುತ್ತದೆ.

ಹೆಚ್ಚು ಕೆಲಸವೇ ಎಲ್ಲಕ್ಕೂ ಕಾರಣ ಎಂದೂ ನಾನು ಹೇಳುತ್ತಿಲ್ಲ. ಮಿತಿಮೀರಿದ ಗಂಟೆಗಳ ಕೆಡುಕು ನಿಜವೇ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಆದರೆ ಗಂಟೆಗಳಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಹೊರೆ ಹೆಚ್ಚಾಗಿದ್ದು, ಅದನ್ನು ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಮಾಡಬೇಕೆಂಬ ತೀರ್ಮಾನ ಮಾತ್ರ ತನ್ನ ಕೈಯಲ್ಲಿ ಇಲ್ಲದಿದ್ದಾಗ ಮನುಷ್ಯ ಹೆಚ್ಚು ಜರ್ಜರಿತನಾಗುತ್ತಾನೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ಮುಂದಾಳತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನ 10,308 ಮಂದಿಯನ್ನು ವರ್ಷಗಟ್ಟಲೆ ಗಮನಿಸಿತು. ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು ಎಂಬುದು ಅಲ್ಲಿ ಕಂಡುಬಂತು. ಮೇಲಿನ ಕೋಣೆಯವರಿಗೆ ತಲೆಬಿಸಿ ಹೆಚ್ಚು, ಕೆಳಗಿನವರು ಹೇಳಿದ್ದು ಮಾಡಿ ಹಾಯಾಗಿರುತ್ತಾರೆ ಎಂದು ನಂಬಿದ್ದವರಲ್ಲಿ ನಾನೂ ಇದ್ದೆ. ನಮ್ಮ ಲೆಕ್ಕದವರು ದಿನಕ್ಕೆ ಹತ್ತು ಗಂಟೆ ದುಡಿಯುತ್ತಿದ್ದುದಕ್ಕಿಂತ, ಸಭೆಯ ತಾರೀಖನ್ನು ಒಂದು ದಿನವೂ ಸರಿಸಲು ಅವರ ಕೈಯಲ್ಲಿ ಆಗದೆ ಇದ್ದುದೇ ಅವರನ್ನು ಹೆಚ್ಚು ಹಣ್ಣು ಮಾಡಿತು ಎಂದು ಈಗ ನನಗೆ ಅನಿಸುತ್ತದೆ.

ಸುಳ್ಳು ಹೇಳಿ ರಜೆ ಪಡೆಯುವವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಇಪ್ಪತ್ತಾರು ವರ್ಷದಲ್ಲಿ ಅಂಥ ಐದಾರು ಮಂದಿಯನ್ನು ಖಚಿತವಾಗಿ ಬಲ್ಲೆ. ಅವರಿಗೆ ಮನಸ್ಸಿನ ಕಾಯಿಲೆಯ ನೆಪವೇ ಬೇಕಿರಲಿಲ್ಲ, ಬೆನ್ನುನೋವಿನಿಂದಲೇ ಅವರ ಕಾರ್ಯ ನಡೆಯುತ್ತಿತ್ತು. ಆ ಐದಾರು ಮಂದಿಗಾಗಿ ನಾವು ನೂರಾರು ಜನರನ್ನು ಸಂಶಯದ ಜರಡಿಯಲ್ಲಿ ಹಿಡಿದೆವು.

ಹೆಚ್ಚು ಹೇಳಬೇಕಾದದ್ದು ರಜೆಯ ಬಗ್ಗೆ ಅಲ್ಲ, ರಜೆ ಮುಗಿಸಿ ಬರುವ ದಿನದ ಬಗ್ಗೆ. ಕಾಲು ಮುರಿದುಕೊಂಡವರು ಮರಳಿದಾಗ ಬಾಗಿಲು ತೆರೆದು ಹಿಡಿಯುತ್ತಾರೆ, ಮೆಟ್ಟಿಲ ಬಳಿ ಕೈ ಕೊಡುತ್ತಾರೆ. ನಮ್ಮ ಲೆಕ್ಕದವರು ಎರಡು ತಿಂಗಳ ನಂತರ ಮರಳಿದ ಬೆಳಿಗ್ಗೆ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಕಂಪ್ಯೂಟರಿನ ಪಾಸ್‌ವರ್ಡ್ ಅವಧಿ ಮುಗಿದಿತ್ತು. ಅದನ್ನು ಸರಿಪಡಿಸುವವರು ಮಧ್ಯಾಹ್ನದವರೆಗೆ ಬರಲಿಲ್ಲ. ಅಲ್ಲಿಯವರೆಗೆ ಅವರು ಕೈಯಲ್ಲಿ ಚೀಲ ಹಿಡಿದು ನನ್ನ ಮೇಜಿನ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದರು, ಸಂದರ್ಶನಕ್ಕೆ ಬಂದವರು ಕುಳಿತುಕೊಳ್ಳುವ ಬೆಂಚು ಅದು. ಹಾದುಹೋದವರಲ್ಲಿ ಕೆಲವರು ಕಾಣದವರಂತೆ ಹೋದರು, ಕೆಲವರು ಬೇಕಾದ್ದಕ್ಕಿಂತ ಜೋರಾಗಿ ನಕ್ಕು ಮಾತನಾಡಿಸಿದರು. ಮಧ್ಯಾಹ್ನ ಕಂಪ್ಯೂಟರ್ ತೆರೆದಾಗ ಎರಡು ತಿಂಗಳ ಟಪಾಲೂ ಒಟ್ಟಿಗೆ ಕಾಯುತ್ತಿತ್ತು, ತಿಂಗಳ ಕೊನೆಗೆ ಇನ್ನು ಆರು ದಿನವಿತ್ತು. ಅವರು ಆರು ದಿನವೂ ಬಂದರು. ಏಳನೆಯ ದಿನ ಸಭೆ. ಅಂದು ಬರಲಿಲ್ಲ, ಆಮೇಲೆ ರಾಜೀನಾಮೆ ಪತ್ರ ಬಂತು.

ಇಂಗ್ಲೆಂಡಿನ ನ್ಯಾಯಾಲಯವೊಂದು 1994ರಲ್ಲಿ ಹೆಚ್ಚುಕಡಿಮೆ ಇಂಥದೇ ಪ್ರಕರಣವನ್ನು ತೀರ್ಮಾನಿಸಿತ್ತು. ಅಲ್ಲಿನ ಕೌಂಟಿ ಮಂಡಳಿಯ ಸಮಾಜಸೇವಾ ಅಧಿಕಾರಿಯೊಬ್ಬರು ಕೆಲಸದ ಹೊರೆಯಿಂದ 1986ರಲ್ಲಿ ಮಾನಸಿಕವಾಗಿ ಕುಸಿದು, ಚೇತರಿಸಿಕೊಂಡು ಮರುವರ್ಷ ಮರಳಿದಾಗ, ಕೊಡುತ್ತೇವೆಂದ ಸಹಾಯ ಹೆಚ್ಚು ದಿನ ಉಳಿಯಲಿಲ್ಲ, ಹೊರೆ ಇಳಿಯಲಿಲ್ಲ, ಕೆಲವೇ ತಿಂಗಳಲ್ಲಿ ಅವರು ಎರಡನೆಯ ಬಾರಿ ಕುಸಿದರು. ಮೊದಲ ಕುಸಿತವನ್ನು ಮಂಡಳಿ ಮುಂಗಾಣಲು ಸಾಧ್ಯವಿರಲಿಲ್ಲ ಎಂದ ನ್ಯಾಯಾಲಯ, ಎರಡನೆಯದಕ್ಕೆ ಮಂಡಳಿಯನ್ನೇ ಹೊಣೆ ಮಾಡಿತು. ಆ ತೀರ್ಪನ್ನು ನಾನು ಓದಿದ್ದು ನಿವೃತ್ತಿಗೆ ಸ್ವಲ್ಪ ಮೊದಲು. ಓದುವಾಗ ನನ್ನ ಕಣ್ಣೆದುರು ಇದ್ದದ್ದು ಆ ಬೆಂಚು.

ಕಾನೂನುಗಳು ಅಲ್ಲಲ್ಲಿ ಬರುತ್ತಿವೆ. ಅತಿದುಡಿಮೆಯಿಂದ ಸಂಭವಿಸುವ ಸಾವಿಗೆ ಕರೋಶಿ ಎಂಬ ಪದವೇ ಇರುವ ಜಪಾನಿನಲ್ಲಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆಯನ್ನು 2015ರ ಡಿಸೆಂಬರ್‌ನಿಂದ ಕಡ್ಡಾಯ ಮಾಡಲಾಯಿತು. ಕೆಲಸದ ವೇಳೆಯ ಆಚೆ ಕಚೇರಿಯ ಸಂದೇಶಗಳಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರಲ್ಲಿ ಜಾರಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ನೌಕರರ ಜೊತೆಗೆ ಮೇಲ್ವಿಚಾರಕರಿಗೂ ತರಬೇತಿ ಬೇಕೆಂದೂ, ಮರಳುವವರಿಗೆ ಚಿಕಿತ್ಸೆಯ ಜೊತೆಗೆ ಕೆಲಸದಲ್ಲಿಯೂ ಹೊಂದಾಣಿಕೆ ಬೇಕೆಂದೂ ಹೇಳುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಕೆಲವು ಕೆಲಸಗಳನ್ನು ಯಾವ ಕಚೇರಿಯ ಸಿಬ್ಬಂದಿ ವಿಭಾಗವೂ ನಾಳೆಯಿಂದಲೇ ಮಾಡಬಹುದು. ವೈದ್ಯರ ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರನ್ನು ಕೇಳಬೇಕಾಗಿಲ್ಲ. ಎಷ್ಟು ದಿನ ವಿಶ್ರಾಂತಿ, ಮರಳಿದ ಮೇಲೆ ಏನು ಮಾಡಬಹುದು, ಏನು ಸದ್ಯಕ್ಕೆ ಬೇಡ, ಇಷ್ಟು ತಿಳಿದರೆ ಸಾಕು. ರಜೆಯಲ್ಲಿರುವವರಿಗೆ ಕಚೇರಿಯಿಂದ ಒಬ್ಬರೇ, ಅದೂ ಅವರು ಒಪ್ಪಿದವರೇ, ಫೋನ್ ಮಾಡುವುದು, ಮಾಡಿದಾಗ ಆ ಫೈಲ್ ಎಲ್ಲಿದೆ ಎಂದು ಕೇಳದಿರುವುದು. ಮರಳುವ ದಿನ ಕುರ್ಚಿ, ಪಾಸ್‌ವರ್ಡ್, ಮೊದಲ ವಾರದ ಕೆಲಸದ ಪಟ್ಟಿ ಮೂರೂ ಹಿಂದಿನ ಸಂಜೆಯೇ ಸಿದ್ಧವಿರುವುದು. ಹಳೆಯ ಟಪಾಲನ್ನು ಬೇರೊಬ್ಬರು ವಿಲೇವಾರಿ ಮಾಡಿ ಮುಗಿಸಿರುವುದು. ಇವಕ್ಕೆ ದೊಡ್ಡ ಹಣ ಬೇಡ. ನನ್ನ ಅಂದಾಜಿನಲ್ಲಿ ನಾವು ಕರೆಸಿದ ಉಪನ್ಯಾಸಕರ ಸಂಭಾವನೆಗಿಂತ ಇದು ಅಗ್ಗ.

ನಿವೃತ್ತಿಯ ಹಿಂದಿನ ವರ್ಷ, ಮೇಲಿನವರ ಒಪ್ಪಿಗೆ ಪಡೆದು, ರಜಾ ಅರ್ಜಿಯ ನಾಲ್ಕನೆಯ ಕಲಂ ಅನ್ನು ಬದಲಿಸಿದೆ. ಕಾರಣ ಕೇಳುವುದನ್ನು ಬಿಟ್ಟು, ‘ನಿಮ್ಮ ಕೆಲಸದಲ್ಲಿ ಬದಲಾಗಬೇಕಾದದ್ದು ಏನಾದರೂ ಇದ್ದರೆ ತಿಳಿಸಿ’ ಎಂದು ಹಾಕಿಸಿ, ಮೂರು ಸಾಲು ಜಾಗ ಬಿಡಿಸಿದೆ. ಮೂರು ತಿಂಗಳು ಯಾರೂ ಏನೂ ಬರೆಯಲಿಲ್ಲ, ಹಳೆಯ ಅಭ್ಯಾಸದ ಮೇಲೆ ಒಂದಿಬ್ಬರು ಅಲ್ಲೂ ಜ್ವರ ಎಂದೇ ಬರೆದರು. ನಾಲ್ಕನೆಯ ತಿಂಗಳು ಲೆಕ್ಕದ ವಿಭಾಗದ ಕಿರಿಯ ಗುಮಾಸ್ತೆಯೊಬ್ಬರು, ತಿಂಗಳ ಲೆಕ್ಕ ಮುಗಿಯುವ ದಿನಕ್ಕೂ ಪರಿಶೀಲನಾ ಸಭೆಗೂ ನಡುವೆ ಮೂರು ದಿನ ಬಿಡಲು ಆಗುತ್ತದೆಯೇ ಎಂದು ಬರೆದಿದ್ದರು. ಸಭೆ ಅದೇ ದಿನ ನಡೆಯಬೇಕೆಂದು ನಿಗದಿ ಮಾಡಿದವರು ಯಾರು ಎಂದು ವಿಚಾರಿಸಿದೆ. ಯಾರಿಗೂ ನೆನಪಿರಲಿಲ್ಲ. ಮುಂದಿನ ತಿಂಗಳಿಂದ ಸಭೆ ನಾಲ್ಕನೆಯ ತಾರೀಖಿಗೆ ಹೋಯಿತು. ಒಂದು ದಿನದ ಜ್ವರಗಳು ನಿಂತುಹೋದವು ಎಂದು ಹೇಳಲಾರೆ. ಕಡಿಮೆಯಾದವು, ಮತ್ತು ಉಳಿದವು ತಿಂಗಳಿಡೀ ಹರಡಿಕೊಂಡು, ಜ್ವರ ಬರಬೇಕಾದಂತೆ ಬರತೊಡಗಿದವು.

ಇಂತಿ,
ನಿವೃತ್ತ ಸಿಬ್ಬಂದಿ ಅಧಿಕಾರಿ
(ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ)